ಒಂದು ಬಿಬಿಸಿ ಮೈಕ್ರೋ, ಹನ್ನೊಂದು ತಿಂಗಳು

ಹಳೆಯ ಬಿಬಿಸಿ ಮೈಕ್ರೋ ಗಣಕ ಕೈಗೆ ಸಿಕ್ಕಿದ ದಿನವೇ ಪ್ಲಗ್ ಹಾಕಬೇಡಿ. ಉಳಿದದ್ದನ್ನು ಓದಲು ಪುರಸೊತ್ತಿಲ್ಲದವರಿಗೆ ಇಷ್ಟು ಸಾಕು. ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಆ ಸಂಜೆ ಕೇಳುತ್ತಿದ್ದೆ ಎಂಬ ಭರವಸೆ ನನ್ನ ಮೇಲೆ ನನಗಿಲ್ಲ.

ಕಳೆದ ಜುಲೈನಲ್ಲಿ, ನಾನು ಓದಿದ ಅನುದಾನಿತ ಪ್ರೌಢಶಾಲೆಯ ಹಿಂಭಾಗದ ಹಂಚಿನ ಕಟ್ಟಡವನ್ನು ಕೆಡವುತ್ತಾರೆ ಎಂದು ಸಹಪಾಠಿಯೊಬ್ಬ ತಿಳಿಸಿದ. ಜೊತೆಗೊಂದು ಫೋಟೊ ಕಳಿಸಿದ್ದ: ಮುರಿದ ಬೆಂಚುಗಳು, ಸುತ್ತಿಟ್ಟ ಭೂಪಟಗಳು, ನಡುವೆ ಒಂದು ಕಬ್ಬಿಣದ ಟ್ರಂಕು. ಟ್ರಂಕಿನೊಳಗಿಂದ ಹಳದಿಗಟ್ಟಿದ ಕೀಲಿಮಣೆಯೊಂದು ಇಣುಕುತ್ತಿತ್ತು, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಗುಂಡಿಗಳು. ಒಂಬತ್ತನೆಯ ತರಗತಿಯಲ್ಲಿ ಆ ಗುಂಡಿಗಳನ್ನು ಮುಟ್ಟಲು ನಾವು ಚಪ್ಪಲಿ ಬಿಟ್ಟು, ಕೈ ತೊಳೆದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಒಬ್ಬೊಬ್ಬರಿಗೆ ಎಂಟು ನಿಮಿಷ. ನನ್ನ ಸರದಿ ಬಂದಾಗಲೇ ಕರೆಂಟು ಹೋಗುತ್ತಿತ್ತು ಎಂಬುದು ನನ್ನ ನೆನಪು. ಅದು ಅತಿಶಯೋಕ್ತಿ ಇರಬಹುದು, ಮಲೆನಾಡಿನ ಮಳೆಗಾಲವನ್ನು ಕಂಡವರು ನಂಬಿಯಾರು.

ಹಳ್ಳಿಯ ಶಾಲೆಗೆ ಇಂಗ್ಲೆಂಡಿನ ಗಣಕ ಬಂದದ್ದು ಹೇಗೆ ಎಂದು ಈಗಿನವರು ಕೇಳುತ್ತಾರೆ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನಲ್ಲಿ ಶಾಲೆಗಳಿಗೆ ಗಣಕ ಶಿಕ್ಷಣದ ಯೋಜನೆ ಆರಂಭಿಸಿತು. ಅದಕ್ಕೆ ಆರಿಸಿಕೊಂಡ ಯಂತ್ರ ಇದೇ. ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ ಬಿಬಿಸಿಯ ಗಣಕ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಇದನ್ನು ರೂಪಿಸಿ 1981ರ ಡಿಸೆಂಬರಿನಲ್ಲಿ ಹೊರತಂದಿತ್ತು. ನಮ್ಮಲ್ಲೂ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಯಾರಿಸಿತ್ತು. ಬಿ ಮಾದರಿಯಲ್ಲಿ 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, 32 ಕಿಲೋಬೈಟ್ ಮೆಮೊರಿ. ಇಂದು ಮದುವೆಯ ಕರೆಯೋಲೆಯ ಚಿತ್ರವೊಂದು ಅಷ್ಟರಲ್ಲಿ ಹಿಡಿಸುವುದಿಲ್ಲ.

ಯಂತ್ರವನ್ನು ಶಾಲೆಯಿಂದ ಹೊರತರಲು ನಾಲ್ಕು ತಿಂಗಳು ಬೇಕಾಯಿತು. ಮುಖ್ಯೋಪಾಧ್ಯಾಯರು ಒಳ್ಳೆಯವರು. “ತೆಗೆದುಕೊಂಡು ಹೋಗಿ ಸಾರ್, ನಮಗೂ ಜಾಗ ಆಗುತ್ತದೆ” ಎಂದರು. ಮರುದಿನ ಕಾರು ತೆಗೆದುಕೊಂಡು ಹೋದರೆ ಗುಮಾಸ್ತರು ದಾಸ್ತಾನು ವಹಿ ತೆರೆದು ಕುಳಿತಿದ್ದರು. ವಹಿಯಲ್ಲಿ ಗಣಕಯಂತ್ರ ಇನ್ನೂ ಜೀವಂತವಾಗಿತ್ತು, ಬೆಲೆಯ ಸಮೇತ. ಲೆಕ್ಕ ತನಿಖೆಯವರು ಕೇಳಿದರೆ ಉತ್ತರ ಕೊಡುವವರು ಯಾರು? ಅದನ್ನು ನಿರುಪಯುಕ್ತ ಎಂದು ಘೋಷಿಸಬೇಕು. ಘೋಷಿಸಲು ಆಡಳಿತ ಮಂಡಳಿಯ ಠರಾವು ಬೇಕು. ಠರಾವಿಗೆ ಸಭೆ ಸೇರಬೇಕು. ಆಗಸ್ಟ್‌ನ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಸದಸ್ಯರೊಬ್ಬರು, ಇದು ಇ-ತ್ಯಾಜ್ಯ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು ಎಂದು ಆಕ್ಷೇಪ ಎತ್ತಿದರು. ಅವರ ಮಾತು ತಪ್ಪೆಂದು ಹೇಳಲಾರೆ. ಗುಜರಿಯವನ ಕೈಗೆ ಹೋಗಿ ಬೋರ್ಡನ್ನು ಬೆಂಕಿಯಲ್ಲಿ ಸುಟ್ಟು ತಾಮ್ರ ತೆಗೆಯುವುದಕ್ಕಿಂತ ಅದು ಎಷ್ಟೋ ಮೇಲು.

ನನ್ನ ಅರ್ಜಿ ದಾರಿ ಹಿಡಿದದ್ದು ಮೂರನೆಯ ಸಲ ಬರೆದಾಗ. ಮೊದಲೆರಡರಲ್ಲಿ ‘ಖರೀದಿಸಲು ಇಚ್ಛಿಸುತ್ತೇನೆ’ ಎಂದಿದ್ದೆ. ಖರೀದಿ ಎಂದ ಕೂಡಲೇ ಟೆಂಡರ್, ದರಪಟ್ಟಿ ಎಲ್ಲವೂ ಬರುತ್ತವೆ. ಮೂರನೆಯದರಲ್ಲಿ, ಹಳೆಯ ವಿದ್ಯಾರ್ಥಿಯಾಗಿ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿ ವಿಜ್ಞಾನ ದಿನದಂದು ಮಕ್ಕಳಿಗೆ ತೋರಿಸುತ್ತೇನೆ, ಯಂತ್ರವನ್ನು ಬಳಕೆಗೆಂದೇ ಒಯ್ಯುತ್ತೇನೆ, ತ್ಯಾಜ್ಯವಾಗಿ ಅಲ್ಲ ಎಂದು ಬರೆದೆ. ನವೆಂಬರಿನಲ್ಲಿ ಠರಾವಾಯಿತು. ಶಾಲೆಯ ನಿಧಿಗೆ 1,500 ರೂಪಾಯಿ ದೇಣಿಗೆ ಕೊಟ್ಟು ರಸೀದಿ ಪಡೆದೆ. ಇಂಥ ಸಾಹಸಕ್ಕೆ ಇಳಿಯುವವರು ಪ್ರತಿ ಅರ್ಜಿಗೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಠರಾವಿನ ಪ್ರತಿ ಇಟ್ಟುಕೊಳ್ಳಿ. ಟ್ರಂಕಿನಲ್ಲಿದ್ದ ಹದಿನಾಲ್ಕು ಕ್ಯಾಸೆಟ್‌ಗಳನ್ನೂ ಠರಾವಿನಲ್ಲಿ ಸೇರಿಸಲು ನಾನು ಮರೆತಿದ್ದೆ. ಅದಕ್ಕಾಗಿ ಮತ್ತೊಂದು ಪತ್ರ, ಮತ್ತೆ ಹನ್ನೆರಡು ದಿನ.

ಮನೆಗೆ ತಂದ ದಿನ ಹೊರಮೈ ಒರೆಸಿದೆ. ಕೀಲಿಗಳ ಸಂದಿಯಲ್ಲಿ ಒಣಗಿದ ಕುಂಕುಮ ಇತ್ತು, ಆಯುಧಪೂಜೆಯದು. ಹಿಂಬದಿಯ ವಿಡಿಯೊ ಕಿಂಡಿಗೆ ಸಿಸಿಟಿವಿ ಕ್ಯಾಮೆರಾಗಳಲ್ಲಿ ಬಳಸುವ ಬಿಎನ್‌ಸಿ ಕನೆಕ್ಟರೇ ಆಗುತ್ತದೆ. ಅದನ್ನು ಟಿವಿಯ ಹಳದಿ ಕಿಂಡಿಗೆ ಹೊಂದಿಸುವ ಅಡಾಪ್ಟರ್ ಕ್ಯಾಮೆರಾ ಅಳವಡಿಸುವವರ ಬಳಿ 40 ರೂಪಾಯಿಗೆ ಸಿಕ್ಕಿತು. ಚಿತ್ರ ಕಪ್ಪು-ಬಿಳುಪಿನಲ್ಲಿ ಮಾತ್ರ ಬರುತ್ತದೆ, ಬಣ್ಣಕ್ಕೆ ಒಳಗೆ ಒಂದು ಸಣ್ಣ ಕೊಂಡಿ ಬೆಸೆಯಬೇಕು. ಶಾಲೆಯಲ್ಲಿ ಯಾರೋ ಬ್ರಿಟಿಷ್ ಪ್ಲಗ್ ಕತ್ತರಿಸಿ ಬರಿಯ ತಂತಿ ಬಿಟ್ಟಿದ್ದರು. ಮೂರು ಕಡ್ಡಿಯ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ.

ಬೂ... ಬೀಪ್.

ಮೊದಲು ದಪ್ಪನೆಯ ಉದ್ದ ಸದ್ದು, ಹಿಂದೆಯೇ ತೆಳುವಾದ ಚುರುಕು ಸದ್ದು. ಈ ಯಂತ್ರ ಬಳಸಿದವರಿಗೆ ಅದು ದೇವಸ್ಥಾನದ ಗಂಟೆಯಷ್ಟೇ ಪರಿಚಿತ. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’, ಅದರ ಕೆಳಗೆ ‘ಬೇಸಿಕ್’, ಕಣ್ಣು ಮಿಟುಕಿಸುವ ಗೆರೆ. ಹೆಂಡತಿಯನ್ನು ಕೂಗಿ ಕರೆದೆ. ಹತ್ತು ಸಾಲಿನ ಪ್ರೋಗ್ರಾಮ್ ಬರೆದು ಅವಳ ಹೆಸರನ್ನು ಪರದೆಯ ತುಂಬ ಓಡಿಸಿದೆ. ಸುಮಾರು ಇಪ್ಪತ್ತು ನಿಮಿಷ ಆಗಿರಬೇಕು. ಠಪ್ ಎಂದಿತು. ಎಡಭಾಗದ ಸೀಳುಗಳಿಂದ ಬಿಳಿ ಹೊಗೆ ಎದ್ದು, ಕೊಳೆತ ಮೀನು ಮತ್ತು ಸುಟ್ಟ ಕಾಗದ ಸೇರಿದಂಥ ವಾಸನೆ ಮನೆ ತುಂಬಿತು. ವಿಚಿತ್ರವೆಂದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಅಷ್ಟು ಹೊಗೆಯ ನಡುವೆಯೂ ಅವಳ ಹೆಸರು ಪರದೆಯ ಮೇಲೆ ಓಡುತ್ತಲೇ ಇತ್ತು. “ಮೊದಲು ನನ್ನ ಹೆಸರು ತೆಗೆಯಿರಿ” ಎಂದಳು.

ತಪ್ಪು ಯಂತ್ರದ್ದಲ್ಲ, ನನ್ನದು. ಇದರ ವಿದ್ಯುತ್ ಪೆಟ್ಟಿಗೆಯಲ್ಲಿ ರಿಫಾ ಹೆಸರಿನ, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಎರಡು ಕೆಪಾಸಿಟರ್‌ಗಳಿವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಒಳಗೆ ಲೋಹ ಲೇಪಿಸಿದ ಕಾಗದ, ಹೊರಗೆ ಜೇನುಬಣ್ಣದ ಪಾರದರ್ಶಕ ಕವಚ. ವರ್ಷಗಳು ಕಳೆದಂತೆ ಕವಚ ಬಿರುಕು ಬಿಟ್ಟು ಗಾಳಿಯ ತೇವ ಒಳಗಿಳಿಯುತ್ತದೆ. ಅವು ಕೂತಿರುವುದು ನೇರವಾಗಿ ಮನೆಯ ವಿದ್ಯುತ್ ಹರಿಯುವ ಜಾಗದಲ್ಲಿ, ಹಾಗಾಗಿ ಒಂದು ದಿನ ಸಿಡಿಯುತ್ತವೆ. ಇಂಗ್ಲೆಂಡಿನಲ್ಲೇ ಸಿಡಿಯುವ ವಸ್ತು ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಊರಿನ ಹಂಚಿನ ಕಟ್ಟಡದಲ್ಲಿ ಮೂರು ದಶಕ ಕೂತಿತ್ತು. ಹವ್ಯಾಸಿಗಳೆಲ್ಲ ಯಂತ್ರ ಕೈಗೆ ಬಂದ ಕೂಡಲೇ ಮೊದಲು ಈ ಎರಡನ್ನು, ಜೊತೆಗೆ 220 ಮೈಕ್ರೋಫ್ಯಾರಡ್‌ನ ಒಂದು ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಬದಲಾಯಿಸುತ್ತಾರೆ. ಆಮೇಲೆಯೇ ಪ್ಲಗ್.

ಬಿಡಿಭಾಗ ಹುಡುಕುವಾಗ ಒಂದು ಎಚ್ಚರ. ನಮ್ಮೂರಿನ ಮಿಕ್ಸಿ ರಿಪೇರಿ ಅಂಗಡಿಯಾತ 0.1ರ ಕೆಪಾಸಿಟರನ್ನು ತಕ್ಷಣ ತೆಗೆದುಕೊಟ್ಟ. ಅದರ ಮೇಲೆ 400 ವೋಲ್ಟ್ ಎಂದು ಬರೆದಿತ್ತು, ಎಕ್ಸ್2 ಎಂಬ ಗುರುತು ಇರಲಿಲ್ಲ. ಎಕ್ಸ್2 ಎಂದರೆ ವಿದ್ಯುತ್ ಮಾರ್ಗದ ಎರಡು ತಂತಿಗಳ ನಡುವೆ ಕೂರಲೆಂದೇ ಪರೀಕ್ಷಿಸಿದ ವರ್ಗ, ಕೆಟ್ಟರೂ ಬೆಂಕಿ ಹತ್ತದಂತೆ ಮಾಡಿದ್ದು. ವೋಲ್ಟ್ ಎಷ್ಟೇ ಹೆಚ್ಚಿರಲಿ, ಆ ಗುರುತಿಲ್ಲದ್ದನ್ನು ಅಲ್ಲಿ ಹಾಕಬೇಡಿ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಮೂರನೆಯ ಅಂಗಡಿಯಲ್ಲಿ ಸಿಕ್ಕವು. ಎಲ್ಲ ಸೇರಿ 80 ರೂಪಾಯಿ. ರೈಲು ಮತ್ತು ಆಟೊ ಖರ್ಚು 700. ಬೆಸುಗೆ ಬಾರದವರು ಈ ಪೆಟ್ಟಿಗೆಯ ಮೇಲೆ ಕಲಿಯಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಟಿವಿ ರಿಪೇರಿ ಮಾಡುವವರಿಗೆ ನೂರಿನ್ನೂರು ಕೊಟ್ಟರೆ ಹತ್ತು ನಿಮಿಷದ ಕೆಲಸ.

ಹೊಸ ಕೆಪಾಸಿಟರ್ ಹಾಕಿದ ಪೆಟ್ಟಿಗೆಯನ್ನು ಬೋರ್ಡಿಗೆ ಜೋಡಿಸುವ ಮೊದಲು ಪರೀಕ್ಷಿಸಬೇಕು, ಆದರೆ ಖಾಲಿಯಾಗಿ ಓಡಿಸಬಾರದು. ಅದಕ್ಕೆ ಹೊರೆ ಬೇಕು. ಗ್ಯಾರೇಜಿನಿಂದ ಕಾರಿನ 12 ವೋಲ್ಟ್, 21 ವ್ಯಾಟ್ ಬಲ್ಬ್ ತಂದು 5 ವೋಲ್ಟ್ ತಂತಿಗೆ ಕಟ್ಟಿದೆ. ಮಂಕಾಗಿ ಉರಿಯಿತು. ಮೀಟರಿನಲ್ಲಿ 5.05. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಅರ್ಧ ಉದ್ದ ಇರುತ್ತಿತ್ತು.

ಕೇಸು ಹೇಗೂ ತೆರೆದಿದೆ, ಚಿಪ್‌ಗಳನ್ನೂ ಸ್ವಚ್ಛ ಮಾಡಿಬಿಡೋಣ ಎನಿಸಿತು. ಕೇಸು ತೆರೆಯುವುದು ಸುಲಭ, ‘ಫಿಕ್ಸ್’ ಎಂದು ಗುರುತು ಮಾಡಿದ ನಾಲ್ಕು ಸ್ಕ್ರೂ ಅಷ್ಟೇ. ಒಳಗೆ ಹಲ್ಲಿಯ ಒಡೆದ ಮೊಟ್ಟೆಗಳು, ಜೇಡರ ಬಲೆ, ಕಪ್ಪಾದ ಚಿಪ್ ಕಾಲುಗಳು. ಐಸೊಪ್ರೊಪೈಲ್ ಆಲ್ಕೊಹಾಲ್, ಮೃದುವಾದ ಬ್ರಷ್ ತರಿಸಿದ್ದೆ. ಚಿಪ್ ಕೀಳುವ ಇಕ್ಕಳವನ್ನು ಮಾತ್ರ ತರಿಸಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಎತ್ತಿದರಾಯಿತು ಎಂದುಕೊಂಡು ಮೂರು ಚಿಪ್ ಎತ್ತಿದೆ. ನಾಲ್ಕನೆಯದು ಅಲುಗಲಿಲ್ಲ, ಸ್ವಲ್ಪ ಬಲ ಹಾಕಿದೆ. ಚಿಪ್ ಮೇಲೆ ಬಂತು, ಒಂದು ಕಾಲು ಸಾಕೆಟ್‌ನಲ್ಲೇ ಉಳಿಯಿತು. ಅದು ಯಂತ್ರದ ಆಪರೇಟಿಂಗ್ ಸಿಸ್ಟಮ್ ಅನ್ನು ಶಾಶ್ವತವಾಗಿ ಬರೆದಿಟ್ಟ ಚಿಪ್, ರೋಮ್. ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರಿಯ ಪೆಟ್ಟಿಗೆ.

ಮತ್ತೆ ಸ್ವಿಚ್ ಒತ್ತಿದಾಗ ‘ಬೂ’ ಮಾತ್ರ ಬಂತು, ನಿಲ್ಲದೆ, ಶಂಖ ಊದಿದ ಹಾಗೆ. ಇದಕ್ಕೆ ಕಾರಣವಿದೆ. ವಿದ್ಯುತ್ ಬಂದ ಕ್ಷಣ ಧ್ವನಿಯ ಚಿಪ್ ತಾನಾಗಿ ಕೂಗಲು ಶುರುಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ ಎಚ್ಚೆತ್ತು ಅದನ್ನು ಸುಮ್ಮನಾಗಿಸಿ, ತಾನು ಎದ್ದೆ ಎಂದು ‘ಬೀಪ್’ ಹೇಳುತ್ತದೆ. ‘ಬೂ’ ನಿಲ್ಲದಿದ್ದರೆ ಒಳಗೆ ಯಾರೂ ಎದ್ದಿಲ್ಲ ಎಂದೇ ಅರ್ಥ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮೂವತ್ತು ವರ್ಷ ಹಲ್ಲಿಗೂ ಮಳೆಗೂ ಜಗ್ಗದ್ದನ್ನು ನನ್ನ ಎರಡು ನಿಮಿಷದ ಅವಸರ ಕೊಂದುಹಾಕಿತ್ತು.

ಜನವರಿ ಪೂರ್ತಿ ರೋಮ್ ಹುಡುಕಾಟದಲ್ಲಿ ಹೋಯಿತು. ಅದರೊಳಗಿನ 16 ಕಿಲೋಬೈಟ್ ಬರಹವನ್ನು ಹವ್ಯಾಸಿಗಳು ಕಾಪಾಡಿ ಇಟ್ಟಿದ್ದಾರೆ, ಕಡತ ಸಿಗುವುದು ಕಷ್ಟವಲ್ಲ. ಅದನ್ನು ಚಿಪ್‌ಗೆ ಬರೆಯುವುದು ಹೇಗೆ? ಲ್ಯಾಪ್‌ಟಾಪ್ ರಿಪೇರಿ ಹುಡುಗನ ಬಳಿ ಅದಕ್ಕೆಂದೇ ಇರುವ ಪ್ರೋಗ್ರಾಮರ್ ಎಂಬ ಸಾಧನ ಇತ್ತು, ಆದರೆ ಅದು ಎಂಟು ಕಾಲಿನ ಚಿಪ್‌ಗಳಿಗೆ ಮಾತ್ರ. ನನಗೆ ಬೇಕಿದ್ದದ್ದು ಇಪ್ಪತ್ತೆಂಟು ಕಾಲಿನದು. ಕೊನೆಗೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಗೆಳೆಯ ನೆನಪಾದ. ಅವರ ಮೈಕ್ರೋಪ್ರೊಸೆಸರ್ ಲ್ಯಾಬಿನ ಬೀರುವಿನಲ್ಲಿ ಹಳೆಯ ಪ್ರೋಗ್ರಾಮರ್ ಕೂಡ ಇತ್ತು, ನೇರಳಾತೀತ ಬೆಳಕಿನಲ್ಲಿ ಚಿಪ್ ಅಳಿಸುವ ಡಬ್ಬಿಯೂ ಇತ್ತು. ಬೆನ್ನಿನ ಮೇಲೆ ಗಾಜಿನ ಕಿಟಕಿ ಇರುವ, ಯಾವುದೋ ಯಂತ್ರದಿಂದ ಕಿತ್ತ 27ಸಿ512 ಚಿಪ್‌ಗಳು ಎಸ್.ಪಿ. ರಸ್ತೆಯಿಂದ ಕೊರಿಯರಿನಲ್ಲಿ ಬಂದವು, ಮೂರಕ್ಕೆ 450. ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಹಳೆಯ ಬರಹ ಅಳಿಯುತ್ತದೆ. ಒಂದು ಚಿಪ್ ನಲವತ್ತು ನಿಮಿಷಕ್ಕೂ ಅಳಿಯಲಿಲ್ಲ. ಕಿಟಕಿಯ ಮೇಲೆ ಅಂಟಿನ ಪದರ ಉಳಿದಿತ್ತು, ಒರೆಸಿದ ಮೇಲೆ ಅಳಿಯಿತು.

ಬರೆದು ತಂದು ಹಾಕಿದರೆ ಮತ್ತೆ ಶಂಖ. ಕಾರಣ ಹೊಳೆಯಲು ಒಂದು ವಾರ ಹಿಡಿಯಿತು. ಚಿಪ್‌ನಲ್ಲಿ 64 ಕಿಲೋಬೈಟ್ ಜಾಗ ಇದೆ, ಯಂತ್ರ ಓದುವುದು ಅದರ ಕಾಲು ಭಾಗವನ್ನು ಮಾತ್ರ. ನಾನು ಕೆಳಗಿನ ಕಾಲು ಭಾಗದಲ್ಲಿ ಬರೆದಿದ್ದೆ, ಯಂತ್ರ ನೋಡುತ್ತಿದ್ದದ್ದು ಮೇಲಿನ ಕಾಲು ಭಾಗವನ್ನು. ಲೆಕ್ಕ ಹಾಕುವ ಗೋಜೇ ಬೇಡ, ಅದೇ 16 ಕಿಲೋಬೈಟನ್ನು ನಾಲ್ಕು ಸಲ ಒಂದರ ಹಿಂದೆ ಒಂದು ಬರೆದುಬಿಡಿ. ಫೆಬ್ರುವರಿ ಎರಡನೆಯ ವಾರ ಲ್ಯಾಬಿಗೆ ಮತ್ತೆ ಹೋಗಿ ಹಾಗೆಯೇ ಮಾಡಿದೆವು. ಬೂ... ಬೀಪ್. ಈ ಸಲ ಹೆಂಡತಿಯನ್ನು ಕರೆಯಲಿಲ್ಲ.

ಕರೆಯದಿದ್ದದ್ದೇ ಒಳ್ಳೆಯದಾಯಿತು. ಕಾಲು ಗಂಟೆ ಓಡಿದ ಮೇಲೆ ಪರದೆ ಕಲಸಿಹೋಗಿ ಯಂತ್ರ ಸ್ತಬ್ಧವಾಗುತ್ತಿತ್ತು. ಮೆಮೊರಿ ಕೆಟ್ಟಿದೆ ಎಂದುಕೊಂಡು ಹೊಸ ಚಿಪ್‌ಗಳ ಬೆಲೆ ವಿಚಾರಿಸುವಷ್ಟು ದೂರ ಹೋಗಿದ್ದೆ. ಗೆಳೆಯ ಬಂದವನು ಮೊದಲು ಮೀಟರ್ ಕೇಳಿದ. ಪೆಟ್ಟಿಗೆಯಲ್ಲಿ 5 ವೋಲ್ಟ್ ಸರಿಯಾಗಿತ್ತು, ಬೋರ್ಡಿನ ಚಿಪ್ ಕಾಲಿನಲ್ಲಿ 4.6 ಮಾತ್ರ. ನಡುವೆ ನುಂಗುತ್ತಿದ್ದದ್ದು ತಂತಿಯ ತುದಿಯ ಚಪ್ಪಟೆ ಕನೆಕ್ಟರ್‌ಗಳು. ಅವುಗಳ ಕಿಲುಬು ತಿಕ್ಕಿ, ಸಡಿಲವಾಗಿದ್ದದ್ದನ್ನು ಇಕ್ಕಳದಿಂದ ಒತ್ತಿದ ಮೇಲೆ ಇಲ್ಲಿಯತನಕ ಒಮ್ಮೆಯೂ ನಿಂತಿಲ್ಲ. ಹಣ ಖರ್ಚು ಮಾಡುವ ಮೊದಲು ವೋಲ್ಟ್ ಅಳೆಯಿರಿ, ಅದೂ ಚಿಪ್‌ನ ಕಾಲಿನಲ್ಲೇ.

ಇಷ್ಟರಲ್ಲಿ ವಿಜ್ಞಾನ ದಿನವಾದ ಫೆಬ್ರುವರಿ 28 ದಾಟಿಹೋಗಿತ್ತು. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಹಂಚಿನ ಕಟ್ಟಡವನ್ನೂ ಇನ್ನೂ ಕೆಡವಿಲ್ಲ ಬಿಡಿ ಸಾರ್” ಎಂದರು.

ಉಳಿದದ್ದು ಕ್ಯಾಸೆಟ್‌ಗಳು. ಆಗ ಡಿಸ್ಕ್ ನಮ್ಮಂಥವರಿಗೆ ಎಟುಕದ್ದು, ಎಲ್ಲವೂ ಟೇಪಿನಲ್ಲೇ. ಸೊನ್ನೆಗೆ 1200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎರಡು ಅಲೆ. ಕಿವಿಗೆ ಜೀರುಂಡೆಯ ಕೂಗು. ನನ್ನ ಹಳೆಯ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಕರಗಿ ಹಲಸಿನ ಮೇಣದಂತಾಗಿತ್ತು. ಹೊಸ ಬೆಲ್ಟ್, ಕೂಲಿ ಸೇರಿ 350. ಹದಿನಾಲ್ಕರಲ್ಲಿ ಐದು ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ಅವನ್ನು ಹಾಗೆಯೇ ಓಡಿಸಿದರೆ ಬೂಷ್ಟು ಟೇಪ್ ಓದುವ ಹೆಡ್‌ಗೆ ಮೆತ್ತಿ ಉಳಿದವೂ ಕೆಡುತ್ತವೆ, ಬದಿಗಿಡಿ. ಒಳ್ಳೆಯದನ್ನೂ ನೇರವಾಗಿ ಗಣಕಕ್ಕೆ ಜೋಡಿಸಲು ಆತುರಪಡಬೇಡಿ. ಟೇಪ್ ಎಷ್ಟು ಸಲ ಓಡುವುದಕ್ಕೆ ಗಟ್ಟಿ ಇದೆಯೋ ಗೊತ್ತಿಲ್ಲ. ಮೊದಲ ಓಟದಲ್ಲೇ ಲ್ಯಾಪ್‌ಟಾಪಿಗೆ ಧ್ವನಿಯಾಗಿ ಮುದ್ರಿಸಿಕೊಂಡು ಆಮೇಲೆ ಅದರಿಂದ ಪ್ರೋಗ್ರಾಮನ್ನು ಬಿಡಿಸಿ. ಧ್ವನಿ ಮಂಕಾಗಿದ್ದರೆ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಅತಿ ಚುರುಕಾಗುವ ಜಾಗದಲ್ಲಿ ಬಿಡಿ. ಮೂರು ಕ್ಯಾಸೆಟ್ ಈ ಒಂದು ಸ್ಕ್ರೂವಿನಿಂದಲೇ ಬದುಕಿದವು.

ಲ್ಯಾಪ್‌ಟಾಪಿನಿಂದ ಮತ್ತೆ ಗಣಕಕ್ಕೆ ಒಯ್ಯಲು ಎಸ್‌ಡಿ ಕಾರ್ಡನ್ನೇ ಡಿಸ್ಕಿನಂತೆ ತೋರಿಸುವ ಪುಟ್ಟ ಸಾಧನವಿದೆ. ಹವ್ಯಾಸಿಗಳೇ ಮಾಡಿ ಮಾರುತ್ತಾರೆ, ಯಂತ್ರದ ಅಡಿಯ ಯೂಸರ್ ಪೋರ್ಟ್‌ಗೆ ಸಿಕ್ಕಿಸಬೇಕು. ಲೀಡ್ಸ್‌ನಲ್ಲಿರುವ ಅಕ್ಕನ ಮಗನಿಗೆ ಹೇಳಿದ್ದೆ. ಏಪ್ರಿಲ್‌ನಲ್ಲಿ ರಜೆಗೆ ಬರುವಾಗ ತಂದ, ನನಗೆ ಬಿದ್ದದ್ದು 3,200. “ಮಾವ, ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಎರಡು ಸಲ ಕೇಳಿದರು. ಬಿಬಿಸಿ ಮೈಕ್ರೋ ಎಂದ ಕೂಡಲೇ ನರೆತ ಅಧಿಕಾರಿಯೊಬ್ಬರು ನಗುತ್ತ ಬಿಟ್ಟುಬಿಟ್ಟರು” ಎಂದ. ಅವನ ಕೈಯಲ್ಲಿನ ಮೊಬೈಲಿಗೂ ಇದಕ್ಕೂ ನೆಂಟಸ್ತಿಕೆ ಇದೆ ಎಂದರೆ ಅವನು ನಂಬಲಿಲ್ಲ. ಏಕಾರ್ನ್‌ನವರೇ ರೂಪಿಸಿದ ಮೊದಲ ಆರ್ಮ್ ಪ್ರೊಸೆಸರ್ 1985ರ ಏಪ್ರಿಲ್ 26ರಂದು ಕೆಲಸ ಮಾಡಿದ್ದು ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿದ ಸ್ಥಿತಿಯಲ್ಲೇ. ಇಂದಿನ ಮೊಬೈಲ್‌ಗಳೆಲ್ಲ ಹೆಚ್ಚುಕಡಿಮೆ ಅದೇ ವಂಶದವು.

ಸಾಧನ ಹಾಕಿದ ಮೇಲೆ ದೊಡ್ಡ ಪ್ರೋಗ್ರಾಮ್‌ಗಳು ಜಾಗ ಸಾಲದು ಎಂದು ಹಟ ಹಿಡಿದವು. ಡಿಸ್ಕ್ ವ್ಯವಸ್ಥೆ ಮೆಮೊರಿಯ ಕೆಳತುದಿಯಲ್ಲಿ ಸ್ವಲ್ಪ ಜಾಗವನ್ನು ತನಗಾಗಿ ತೆಗೆದಿಟ್ಟುಕೊಳ್ಳುತ್ತದೆ. ಟೇಪ್ ಕಾಲದ ಪ್ರೋಗ್ರಾಮ್‌ಗಳಿಗೆ ಅದು ಗೊತ್ತಿಲ್ಲ. ಡಿಸ್ಕಿನಿಂದ ಓದಿಸಿಕೊಂಡ ಮೇಲೆ ಟೇಪ್ ವ್ಯವಸ್ಥೆಗೆ ಬದಲಾಗಿ ಪ್ರೋಗ್ರಾಮನ್ನು ಕೆಳಗೆ ಸರಿಸಬೇಕು. ಅದಕ್ಕೆ ನಾಲ್ಕೈದು ಸಾಲಿನ ಸಿದ್ಧ ಉಪಾಯಗಳಿವೆ. ಒಟ್ಟು ಖರ್ಚು, ಆಲ್ಕೊಹಾಲ್, ಬ್ರಷ್, ಬುದ್ಧಿ ಬಂದ ಮೇಲೆ ಕೊಂಡ ಇಕ್ಕಳದ 640 ಸೇರಿ, 6,960 ರೂಪಾಯಿ.

ಹನ್ನೊಂದನೆಯ ಕ್ಯಾಸೆಟ್ಟಿನ ಮೇಲೆ ನಮ್ಮ ಗಣಿತದ ಮೇಷ್ಟರ ಕೈಬರಹದಲ್ಲಿ ‘ಅಕ್ಷರ’ ಎಂದಿತ್ತು. ಓಡಿಸಿದೆ. ಪರದೆ ಖಾಲಿಯಾಗಿ, ನಡುವೆ ಒಂದೊಂದೇ ಚುಕ್ಕಿ ಮೂಡಿ ‘ಕ’ ಆಯಿತು. ಆಮೇಲೆ ‘ಗ’, ‘ತ’, ‘ನ’. ಈ ಯಂತ್ರದಲ್ಲಿ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಮನೆಯಲ್ಲಿ ನಮ್ಮದೇ ಅಕ್ಷರ ಬರೆಯಬಹುದು. ಆದರೆ ಸಾಮಾನ್ಯವಾಗಿ ಸಿಗುವುದು 32 ಮನೆ ಮಾತ್ರ. ಹೆಚ್ಚು ಬೇಕೆಂದರೆ ಆಜ್ಞೆ ಇದೆ, ಅಷ್ಟು ಮೆಮೊರಿ ಪ್ರೋಗ್ರಾಮಿನಿಂದ ಕಡಿತವಾಗುತ್ತದೆ. ಮೇಷ್ಟರು 32ರಲ್ಲೇ ಸಂಸಾರ ತೂಗಿಸಿದ್ದರು: ತಲೆಕಟ್ಟಿಗೆ ಒಂದು ಮನೆ, ಕೊಂಬಿಗೆ ಒಂದು, ದೀರ್ಘಕ್ಕೆ ಒಂದು, ಅವನ್ನು ಎಲ್ಲ ಅಕ್ಷರಗಳಿಗೂ ಹಂಚಿಕೊಂಡು. ಹಾಗೂ ‘ಣ’ ಇಕ್ಕಟ್ಟಾಗಿ ಎರಡು ಮನೆ ತಿಂದಿದೆ, ಮಹಾಪ್ರಾಣದಲ್ಲಿ ಅರ್ಧದಷ್ಟು ಇಲ್ಲವೇ ಇಲ್ಲ. ನಮಗೆ ಇದನ್ನು ಅವರು ಎಂದೂ ತೋರಿಸಿರಲಿಲ್ಲ.

ಪ್ರೋಗ್ರಾಮಿನ ಪಟ್ಟಿ ತೆಗೆದು ನೋಡಿದೆ. ಕೊನೆಯ ಸಾಲು ಯಂತ್ರ ಓದದೆ ಬಿಡುವ ಟಿಪ್ಪಣಿ, ಇಂಗ್ಲಿಷ್ ಲಿಪಿಯಲ್ಲಿ: ‘ಒತ್ತು ಆಮೇಲೆ’.

ಶಾಲೆ ತೆರೆದ ಮೇಲೆ ಯಂತ್ರವನ್ನು ಎರಡು ದಿನ ಅಲ್ಲಿಗೆ ಒಯ್ಯಬೇಕು. ಅಲ್ಲಿಯತನಕ ರಾತ್ರಿ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂರುತ್ತಿದ್ದೇನೆ. ‘ತ್ತ’ದ ಒತ್ತಿಗೆ ಎಂಟು ಚುಕ್ಕಿಯ ಎತ್ತರ ಸಾಲುವುದಿಲ್ಲ, ಕೆಳಗಿನ ಸಾಲಿನ ಮನೆಯನ್ನೇ ಬಾಡಿಗೆಗೆ ಹಿಡಿಯಬೇಕು. ‘ಷ್ಟ್ರ’ಕ್ಕೆ ಏನು ಮಾಡುವುದೆಂದು ಇನ್ನೂ ತೋಚಿಲ್ಲ.